ಹೊಳೆ ದಾಟಿದ ಪುಸ್ತಕ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಬಗಲಿಗೇ ಒಂದು ಶಾಲೆ. ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿ ಅಕ್ಷರ ಕಲಿಯುತ್ತಿದ್ದರು.

ಮರುಳಯ್ಯ ಗುರುಗಳಿಗೆ ವಯಸ್ಸಾಗಿತ್ತು. ಪಾಠ ಹೇಳುವ ಕೆಲಸವನ್ನು ಶಿಷ್ಯ ಗವಿಸಿದ್ಧನಿಗೆ ಬಿಟ್ಟಿದ್ದರು.

ಒಂದು ದಿನ ಗುರುಗಳು ಹೇಳಿದರು: "ಶಾಲೆಯ ಪಡಸಾಲೆಯಲ್ಲಿ ಪುಸ್ತಕ ಇಡೋಣ. ಇದ್ದವರು ತಂದಿಡಲಿ. ಬೇಕಾದವರು ಒಯ್ಯಲಿ. ಓದಿ ಮುಗಿಸಿ ತಿರುಗಿ ತರಲಿ."

ಗವಿಸಿದ್ಧನಿಗೆ ಈ ಮಾತು ಬಹಳ ಹಿಡಿಸಿತು. ಜೋಳಿಗೆ ಹಾಕಿಕೊಂಡು ಊರೂರು ತಿರುಗಿದ. ಒಬ್ಬರು ಹಳೆಯ ಪಂಚಾಂಗ ಕೊಟ್ಟರು. ಇನ್ನೊಬ್ಬರು ಬಯಲಾಟದ ಪ್ರತಿ ಕೊಟ್ಟರು. ಅದರ ತುಂಬ ಮುಖದ ಬಣ್ಣ ಮೆತ್ತಿತ್ತು. ಬಟ್ಟೆ ಹೊಲಿಯುವವನೊಬ್ಬ ರಟ್ಟು ಕಿತ್ತ ಪತ್ತೇದಾರಿ ಕಾದಂಬರಿ ಕೊಟ್ಟು, "ಒಯ್ದುಬಿಡ್ರಿ. ಇದು ಮನ್ಯಾಗಿದ್ರ ಹೊಲಿಗಿ ಸಾಗೂದಿಲ್ಲ" ಎಂದು ನಕ್ಕ. ಬಡಿಗೇರರು ಮುರಿದ ಚಕ್ಕಡಿಯ ಹಲಗೆಗಳಿಂದ ಒಂದು ಕಪಾಟು ಮಾಡಿಕೊಟ್ಟರು.

ಗವಿಸಿದ್ಧ ಸಂತೆಯಿಂದ ಒಂದು ಬೀಗ ತಂದ.

"ಇದು ಯಾತಕ್ಕೆ?" ಎಂದರು ಗುರುಗಳು.

"ಪುಸ್ತಕ ಕಳೆದುಹೋಗಬಾರದಲ್ಲ, ಗುರುಗಳೇ."

"ಮೊದಲು ಹೊಳೆಗೆ ಬೀಗ ಹಾಕಿ ಬಾ. ನೀರು ನಿಂತರೆ ಕಪಾಟಿಗೂ ಹಾಕೋಣ."

ಗವಿಸಿದ್ಧ ದಂಡೆಯವರೆಗೆ ಹೋದ. ಹರಿಯುವ ನೀರನ್ನು ನೋಡುತ್ತ ನಿಂತ. ಬೀಗವನ್ನು ಕೈಯಲ್ಲೇ ಹಿಡಿದು ತಿರುಗಿ ಬಂದ. ಅದರ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಗುರುಗಳು ತಮ್ಮ ಕೋಣೆಯೊಳಗೆ ಹೋದರು. ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಪುಸ್ತಕ ತಂದು ಕಪಾಟಿನಲ್ಲಿಟ್ಟರು.

ಗವಿಸಿದ್ಧ ದಡಬಡಿಸಿ ಹತ್ತಿರ ಬಂದ.

ಅದು ಗುರುಗಳ ಗುರುಗಳು ಕೈಯಾರೆ ಬರೆದ ಕಥೆಗಳ ಪುಸ್ತಕ. ಅದರ ಒಂದೊಂದು ಸಾಲೂ ಗವಿಸಿದ್ಧನಿಗೆ ಬಾಯಿಪಾಠ. ಗುರುಗಳ ನಂತರ ಅದು ತನ್ನ ಕೈಗೆ ಬರುತ್ತದೆಂದು ಅವನು ಒಳಗೊಳಗೇ ನಂಬಿದ್ದ. ಯಾರಿಗೂ ಹೇಳಿರಲಿಲ್ಲ.

"ಗುರುಗಳೇ, ಇದೂ ಇಲ್ಲಿಯೇ?"

"ಇದು ಪುಸ್ತಕ ಅಲ್ಲವೇನು?"

"ಲೋಕದಲ್ಲಿ ಇದೊಂದೇ ಪ್ರತಿ ಇರುವುದು."

"ಅದಕ್ಕೇ ನನಗೆ ಬಚ್ಚಿಡಲು ಹೆದರಿಕೆ."

ಕೆಲವು ದಿನ ಕಳೆದವು. ಆಚೆ ದಂಡೆಯಿಂದ ಹುಲಿಗೆವ್ವ ಎಂಬಾಕೆ ಬಂದಳು. ಈಚಲು ಚಾಪೆ ಹೆಣೆದು ಮಾರುವವಳು. ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡತೊಡಗಿದಳು.

"ಏನು ಹುಡುಕುತ್ತಿದ್ದಿ ತಾಯಿ?" ಎಂದ ಗವಿಸಿದ್ಧ.

"ಹಗುರಂದು ಹುಡುಕಾಕತ್ತೀನ್ರಿ."

"ನಿನಗೆ ಓದು ಬರುತ್ತದೆಯೇ?"

"ನನಗೆಲ್ಲಿ ಬರತೈತ್ರಿ! ಮಗಳು ಫಕೀರವ್ವ ಇದ ಸಾಲ್ಯಾಗ ಕಲ್ತಾಕಿ. ಜ್ವರ ಬಂದು ಕಾಲು ಹ್ವಾದ ಮ್ಯಾಲ ಹಾಸಿಗಿ ಹಿಡದಾಳ. ಯಾರ ಕೂಡಾನೂ ಮಾತಿಲ್ಲ. ಮಲಕ್ಕೊಂಡಲ್ಲೇ ಎತ್ತಿ ಹಿಡೀಬೇಕಲ್ರಿ, ಅದಕ್ಕ."

ಹೇಳುತ್ತಲೇ ಅವಳು ಬಟ್ಟೆ ಸುತ್ತಿದ ಪುಸ್ತಕವನ್ನು ಎತ್ತಿಕೊಂಡಳು. ಎಲ್ಲಕ್ಕಿಂತ ಹಗುರವಾಗಿದ್ದದ್ದು ಅದೇ.

ಗವಿಸಿದ್ಧ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ಗುರುಗಳು ಅಂದರು: "ಒಯ್ಯಿ ತಾಯಿ."

ಹೊಳೆ ತುಂಬಿತು. ಇಳಿಯಿತು. ಕಪಾಟಿನ ಪುಸ್ತಕಗಳು ಹೋದವು, ಬಂದವು. ಪಂಚಾಂಗ ಕೂಡ ಒಂದು ಸುತ್ತು ತಿರುಗಿ ಬಂತು. ಆ ಒಂದು ಪುಸ್ತಕ ಮಾತ್ರ ಬರಲಿಲ್ಲ.

ಗವಿಸಿದ್ಧನಿಗೆ ಊಟ ರುಚಿಸದಾಯಿತು. ಕೊನೆಗೆ ಕೇಳಿಯೇಬಿಟ್ಟ: "ಗುರುಗಳೇ, ನಾನು ಹೋಗಿ ತರಲೇ?"

"ಹೋಗಿ ನೋಡು" ಎಂದರು ಗುರುಗಳು.

ಹರಿಗೋಲಿನಲ್ಲಿ ಹೊಳೆ ದಾಟಿ ಅವನು ಹುಲಿಗೆವ್ವನ ಓಣಿ ಸೇರಿದಾಗ ಮಧ್ಯಾಹ್ನ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಮನೆಯ ಮುಂದೆ ಅರ್ಧ ಹೆಣೆದ ಚಾಪೆಗಳು ಬಿದ್ದಿದ್ದವು.

ಎಲ್ಲಿಂದಲೋ ಒಂದು ದನಿ ಕೇಳುತ್ತಿತ್ತು.

ಅವನು ದನಿಯ ಕಡೆಗೆ ನಡೆದ. ಹುಲಿಗೆವ್ವನ ಅಂಗಳ ಕಿಕ್ಕಿರಿದಿತ್ತು. ಮುದುಕರು, ಬಸುರಿಯರು, ಕೈಗೆ ಈಚಲು ಗರಿಯ ಸಿಬಿರು ಅಂಟಿದವರು, ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ನಡುವೆ ಹೊರಸಿನ ಮೇಲೆ ಫಕೀರವ್ವ. ಕಡ್ಡಿಯಂಥ ಕೈಗಳಲ್ಲಿ ಪುಸ್ತಕವನ್ನು ಎತ್ತಿ ಹಿಡಿದು ಓದುತ್ತಿದ್ದಳು.

ಹಾಳೆ ಹರಿದಿಲ್ಲ, ಅಷ್ಟು ಸಾಕು, ಎಂದುಕೊಂಡ ಗವಿಸಿದ್ಧ. ಓದು ಮುಗಿಯಲಿ, ಕೇಳಿ ತೆಗೆದುಕೊಳ್ಳೋಣ ಎಂದು ಗೋಡೆಯ ಮಗ್ಗುಲಲ್ಲಿ ನಿಂತ.

ಅವಳು ಕೊನೆಯ ಕಥೆಗೆ ಬಂದಿದ್ದಳು. ಮಂಜು ಕವಿದ ಹೊಳೆಯ ನಡುವೆ ಅಂಬಿಗನೊಬ್ಬ ಹುಟ್ಟು ಕಳೆದುಕೊಂಡಿದ್ದಾನೆ. ದಂಡೆ ಯಾವ ಕಡೆಗೆ ಎಂಬುದೇ ತಿಳಿಯದು. ಆಗ ಆಚೆಯಿಂದ ಯಾರೋ ಅವನ ಹೆಸರು ಹಿಡಿದು ಕರೆಯುತ್ತಾರೆ. ಅವನು ತಲೆ ಎತ್ತಿ…

ಬರಹ ಅಲ್ಲಿಗೆ ನಿಲ್ಲುತ್ತದೆ. ಆ ಮಾತು ಬರೆಯುವಾಗಲೇ ಗುರುಗಳ ಗುರುಗಳ ಕೈ ನಿಂತಿತ್ತು. ಉಸಿರೂ ನಿಂತಿತ್ತು. ಮುಂದಿನ ಹಾಳೆಗಳೆಲ್ಲ ಬರಿದು.

ಹುಡುಗಿ ಹಾಳೆ ತಿರುವಿದಳು. ಬರಿದಾದ ಹಾಳೆಯನ್ನು ನೋಡಿದಳು.

ದನಿ ನಿಲ್ಲಲಿಲ್ಲ.

"ಅವನು ತಲೆ ಎತ್ತಿ ಕೂಗಿದ, 'ಇನ್ನೊಮ್ಮಿ ಕರೀರಿ! ನಿಮ್ಮ ದನಿ ಹಿಡಕೊಂಡು ಬರ್ತೀನಿ.'"

ಗವಿಸಿದ್ಧ ಗೋಡೆ ಬಿಟ್ಟು ಮುಂದೆ ಬಂದ.

ಮುಂದೆ ಕೂತ ಮುದುಕನೊಬ್ಬ ತಡೆಯಲಾರದೆ ಕೇಳಿದ: "ಕರದ್ರೇನವ್ವಾ?"

"ತಡಿಯೋ ಮಾವಾ, ಹೇಳ್ತೀನಿ" ಎಂದಳು ಫಕೀರವ್ವ. ಮತ್ತೊಂದು ಹಾಳೆ ತಿರುವಿದಳು.

ಹುಲಿಗೆವ್ವ ಅವನನ್ನು ಕಂಡು ಗಾಬರಿಯಾಗಿ ಎದ್ದು ಬಂದಳು. "ತಪ್ಪು ತಿಳೀಬ್ಯಾಡ್ರಿ. ಮುಗದ ಮ್ಯಾಲ ತಂದುಕೊಡಬೇಕಂತ ಮಾಡೀನಿ. ಆದ್ರ ಇದು ಮುಗೀವಲ್ದು ನೋಡ್ರಿ."

ಗವಿಸಿದ್ಧ ಕೈ ಮುಗಿದ. "ಇರಲಿ ತಾಯಿ" ಎಂದಷ್ಟೇ ಅಂದ. ಹರಿಗೋಲಿನ ಕಡೆಗೆ ತಿರುಗಿದ.

ಅವನು ಈಚೆ ದಂಡೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಗುರುಗಳು ಪಡಸಾಲೆಯಲ್ಲಿ ಕೂತಿದ್ದರು.

"ಪುಸ್ತಕ ತಂದೆಯಾ?"

"ಇಲ್ಲ ಗುರುಗಳೇ."

"ಕೊಡಲಿಲ್ಲವೇ?"

"ನಾನೇ ಕೇಳಲಿಲ್ಲ." ಅವನು ಮೆಟ್ಟಿಲ ಮೇಲೆ ಕೂತ. "ಆ ಹುಡುಗಿ ಬರಿ ಹಾಳೆಯನ್ನು ಓದುತ್ತಿದ್ದಾಳೆ. ಬರಹ ನಿಂತಲ್ಲಿ ಅವಳು ನಿಲ್ಲಲಿಲ್ಲ. ಓಣಿಗೆ ಓಣಿಯೇ ಕೂತು ಕೇಳುತ್ತಿದೆ."

ಗವಿಸಿದ್ಧನಿಗೆ ಅನುಮಾನ ಕಾಡಿತು. "ನಿಮ್ಮ ಗುರುಗಳು ಬರೆಯದೆ ಬಿಟ್ಟದ್ದನ್ನು ಅವಳು ಹೇಳಬಹುದೇ? ಅದು ತಪ್ಪಲ್ಲವೇ?"

ಗುರುಗಳು ಗೋಡೆ ಹಿಡಿದು ಮೆಲ್ಲಗೆ ಎದ್ದರು. ಕಾಲಿನಿಂದ ತಡಕಿ ಚಪ್ಪಲಿ ಮೆಟ್ಟಿದರು. ಅವರು ಆಶ್ರಮದ ಮೆಟ್ಟಿಲಿಳಿದು ಎಷ್ಟೋ ಕಾಲವಾಗಿತ್ತು.

"ಹರಿಗೋಲು ಇನ್ನೂ ಈಚೆಗಿದೆಯೇ?"

"ಇದೆ ಗುರುಗಳೇ. ಆದರೆ ಈಗ ಎಲ್ಲಿಗೆ?"

"ನಮ್ಮ ಗುರುಗಳ ಕೈ ನಿಂತಾಗ ಮಸಿಕುಡಿಕೆ ಹಿಡಿದು ಪಕ್ಕದಲ್ಲಿ ಕೂತಿದ್ದವನು ನಾನು, ಗವಿಸಿದ್ಧ. ಮುಂದೇನಾಯಿತೋ ಎಂದು ಕಾಯುತ್ತ ಕಾಯುತ್ತಲೇ ಮುದುಕನಾದೆ. ಬೇಗ ನಡಿ, ನಾವು ಹೋಗುವುದರೊಳಗೆ ಹೇಳಿಬಿಟ್ಟಾಳು."