ಏಡಿ ತೆರೆಯದ ಬಾಗಿಲು

ಉಪ್ಪುನೀರಿನ ಕೆಸರಿನಲ್ಲಿ ಬೇರೂರಿದ ಕಾಂಡ್ಲಾ ಮರಗಳ ಒಂದು ಕಾಡಿನಲ್ಲಿ, ಹೊಳೆ ಕಡಲು ಸೇರುವಲ್ಲಿನ ಪುಟ್ಟ ನಡುಗಡ್ಡೆಯ ಮೇಲೆ, ಹೊನ್ನಕ್ಕ ಎಂಬ ನೀರುನಾಯಿ ತನ್ನ ಮರಿಗಳೊಂದಿಗೆ ವಾಸವಾಗಿತ್ತು. ಅಲ್ಲೇ ಒಂದು ನರಿಯೂ ಇತ್ತು. ದುಡಿದು ತಿನ್ನುವ ಅಭ್ಯಾಸ ಅದಕ್ಕಿರಲಿಲ್ಲ. ದೊಡ್ಡ ಮಾತಿಗೆ ಮಾತ್ರ ಬರವಿರಲಿಲ್ಲ.

ಅಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯಿತ್ತು. ಕೆಸರಿನ ಏಡಿಗಳು ಬಿಲದ ಬಾಗಿಲಿಗೆ ಮಣ್ಣು ಮೆತ್ತಿಕೊಂಡರೆ ಚಂಡಮಾರುತ ಬರುತ್ತದೆ ಎಂದರ್ಥ. ಆಗ ಎಲ್ಲರೂ ಮೀನು ಕಚ್ಚಿಕೊಂಡು ಬಂಡೆಯ ಮೇಲಿನ ಗವಿ ಸೇರಬೇಕು. ಏಡಿಗಳು ತಾವಾಗಿ ಬಾಗಿಲು ತೆರೆಯುವವರೆಗೆ ಯಾರೂ ಕೆಳಗಿಳಿಯುವಂತಿಲ್ಲ.

ಒಂದು ದಿನ ಏಡಿಗಳು ಬಾಗಿಲು ಮುಚ್ಚಿಕೊಂಡವು. ಹೊನ್ನಕ್ಕನೂ ನಡುಗಡ್ಡೆಯ ಕೊಕ್ಕರೆಗಳೂ ಗವಿಗೆ ಮೀನು ಸಾಗಿಸತೊಡಗಿದವು.

"ನೆಟ್ಟಗೆ ನಡೆಯೋಕೂ ಬಾರದ ಏಡಿ ಇವರಿಗೆ ಗುರು!" ಎಂದು ನರಿ ಬಿದ್ದು ಬಿದ್ದು ನಕ್ಕಿತು.

ಗಾಳಿ ಮರಗಳನ್ನು ಬುಡಮೇಲು ಮಾಡತೊಡಗಿದಾಗ ಅದೇ ಮಹಾಶಯ ಬಾಲ ಮುದುರಿಕೊಂಡು ಗವಿಗೆ ಓಡಿ ಬಂತು. ಎಲ್ಲರನ್ನೂ ದಾಟಿಕೊಂಡು ಹೋಗಿ ಮೀನಿನ ರಾಶಿಯ ಪಕ್ಕದಲ್ಲೇ ಕೂತಿತು. ನಾಚಿಕೆ ಎಂಬುದು ಅದರ ಹತ್ತಿರವೂ ಸುಳಿಯಲಿಲ್ಲ.

ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಬಿಸಿಲು ಬಿತ್ತು. ಇವರನ್ನೆಲ್ಲ ಹೊರಗಟ್ಟಿದರೆ ಮೀನೆಲ್ಲ ತನ್ನದೇ ಎಂದು ನರಿ ಲೆಕ್ಕ ಹಾಕಿತು.

"ಹೊನ್ನಕ್ಕಾ, ಗಾಳಿ ಹೋಯ್ತಲ್ಲ! ಮಕ್ಕಳನ್ನ ಯಾಕೆ ಕತ್ತಲಲ್ಲಿ ಕೊಳೆಹಾಕ್ತೀಯ? ಮನೆಗೆ ಹೋಗಿ. ಮೀನು ನಾನು ಕಾಯ್ತೀನಿ."

"ನೀನು ಮೀನು ಕಾಯೋದಾ? ಚೆನ್ನಾಗಿದೆ! ಏಡಿ ಬಾಗಿಲು ತೆರೆದಿದೆಯಾ, ಮೊದಲು ಅದನ್ನ ಹೇಳು."

"ಈಗಲೇ ನೋಡ್ಕೊಂಡು ಬರ್ತೀನಿ," ಎಂದು ನರಿ ಕೆಳಗಿಳಿಯಿತು. ಎಲ್ಲ ಬಾಗಿಲೂ ಮುಚ್ಚಿದ್ದವು. ನರಿ ಅತ್ತಿತ್ತ ನೋಡಿ, ಒಂದು ಬಿಲದ ಮಣ್ಣನ್ನು ಪಂಜದಿಂದ ತಾನೇ ಕೆರೆಯಿತು.

"ತೆರೆದಿದೆ! ಬನ್ನಿ, ಬನ್ನಿ!"

ಮರಿಗಳು ಹೊರಗೆ ಹೋಗಲು ಹಟ ಹಿಡಿದಿದ್ದವು. ಹೊನ್ನಕ್ಕ ಕಿರಿಯದನ್ನು ಬಾಯಲ್ಲಿ ಕಚ್ಚಿಕೊಂಡು, ಉಳಿದವನ್ನು ಹಿಂದೆ ಕರೆದುಕೊಂಡು ಅರ್ಧ ಬಂಡೆ ಇಳಿಯಿತು. ಅಲ್ಲಿಂದ ಕೆಸರು ಚೆನ್ನಾಗಿ ಕಾಣುತ್ತಿತ್ತು. ತೆರೆದದ್ದು ಒಂದೇ ಬಾಗಿಲು. ಅದರ ಸುತ್ತ ನರಿಯ ಉಗುರಿನ ಗೀರು. ಮರಿಗಳನ್ನು ಗವಿಗೆ ಅಟ್ಟಿ, ಕಿರಿಯದನ್ನು ಕೆಳಗಿಟ್ಟು ಕೂಗಿತು:

"ಅಯೋಗ್ಯ! ಊರಿಗೆ ಊರೇ ಮುಚ್ಚಿರುವಾಗ ಒಂದೇ ಬಾಗಿಲು ಹೇಗೋ ತೆರೆಯುತ್ತೆ?"

ನೋಡಿದವರು ನಂಬಲೆಂದು ನರಿ ಬಿಲವನ್ನು ಇನ್ನಷ್ಟು ದೊಡ್ಡದು ಮಾಡುತ್ತಿತ್ತು. ಒಳಗಿನಿಂದ ಏಡಿ ಅದರ ಪಂಜವನ್ನು ಕೊಂಡಿಯಲ್ಲಿ ಬಲವಾಗಿ ಹಿಡಿಯಿತು.

"ಅಯ್ಯೋ, ಬಿಡು!"

"ಕರೆಯದೆ ಬಂದಿದ್ದೀರಿ, ಕೂತ್ಕೊಂಡು ಹೋಗಿ," ಎಂದಿತು ಏಡಿ.

ಗಾಳಿ ನಿಂತದ್ದು ಚಂಡಮಾರುತದ ನಡುವಿನ ಬಿಡುವು ಮಾತ್ರವಾಗಿತ್ತು; ಆಗಲೇ ಅದರ ಉಳಿದರ್ಧ ಎದುರು ದಿಕ್ಕಿನಿಂದ ಬಂದು ಅಪ್ಪಳಿಸಿತು. ಹೊನ್ನಕ್ಕ ಕಿರಿಯದನ್ನು ಕಚ್ಚಿಕೊಂಡು ಗವಿ ಸೇರುವಷ್ಟರಲ್ಲಿ ಕಡಲು ಉಕ್ಕಿ ಕಾಡಿಗೆ ನುಗ್ಗಿತು. ನರಿಯ ಅರಚಾಟ ಯಾರಿಗೂ ಕೇಳಿಸಲಿಲ್ಲ.

ಮರುದಿನ ಏಡಿಗಳು ಒಂದೊಂದಾಗಿ ಬಾಗಿಲು ತೆರೆದವು. ಎಲ್ಲರೂ ಕೆಳಗಿಳಿದರು. ಮರದ ಬೇರುಗಳ ನಡುವೆ ನರಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಬಾಯಿ ತುಂಬ ಕೆಸರು, ಪಂಜ ಊದಿಕೊಂಡಿತ್ತು.

"ಹೊನ್ನಕ್ಕಾ, ಒಂದೇ ಒಂದು ಮೀನು ಕೊಡು," ಎಂದು ಗೋಗರೆಯಿತು.

"ಇನ್ನೊಂದು ಬಾಗಿಲು ಕೆರೆದು ನೋಡು. ಸಿಕ್ಕಿದರೂ ಸಿಕ್ಕೀತು," ಎಂದು ಹೊನ್ನಕ್ಕ ಮರಿಗಳನ್ನು ಕರೆದುಕೊಂಡು ನೀರಿಗಿಳಿಯಿತು.

ನೀತಿ: ಎಲ್ಲರ ಜೀವ ಕಾಯುವ ಕಟ್ಟಳೆಯನ್ನು ತನ್ನ ಹೊಟ್ಟೆಗಾಗಿ ಮುರಿಯುವವನು ಮೊದಲು ತಾನೇ ಸಿಕ್ಕಿಬೀಳುತ್ತಾನೆ.