ಹೊಸ ಒಲೆಗೆ ಹಳೆಯ ಕೆಂಡ

ಒಂದು ಮಠದ ದಾಸೋಹದ ಅಡುಗೆಮನೆಯಲ್ಲಿ ತಲೆಮಾರುಗಳಿಂದ ಒಲೆಯ ಬೆಂಕಿ ಆರಿರಲಿಲ್ಲ. ಮಠ ಕಟ್ಟಿದ ಗುರುಗಳೇ ಹಚ್ಚಿದ ಬೆಂಕಿ ಎಂದು ಎಲ್ಲರೂ ಅದಕ್ಕೆ ಕೈಮುಗಿಯುತ್ತಿದ್ದರು. ಆದರೆ ಅದರ ಹೊಗೆ? ಅಡುಗೆ ಮಾಡುವ ತಾಯಂದಿರು ಇಡೀ ದಿನ ಕೆಮ್ಮುತ್ತಿದ್ದರು. ಹಿರಿಯಳಾದ ನಿಂಬೆವ್ವನ ಕಣ್ಣು ದಿನವೂ ನೀರು ಸುರಿಸಿ ಮಂಜಾಗುತ್ತ ಬಂದಿತ್ತು.

ದಾಸೋಹದ ಉಸ್ತುವಾರಿ ವಿರೂಪಯ್ಯನದು. ಅವನು ಯೋಚಿಸಿ ಯೋಚಿಸಿ, ಹೊಗೆ ಕೊಳವೆಯಿಂದ ಹೊರಗೆ ಹೋಗುವಂಥ ಹೊಸ ಒಲೆ ಕಟ್ಟಿಸಿದ. "ನಾಳೆಯಿಂದ ಎಲ್ಲಾ ಅಡುಗಿ ಇದರಾಗ. ಹಳೇದು ಒಡಸ್ತೀನಿ" ಎಂದು ಸಾರಿಬಿಟ್ಟ.

ಮರುದಿನ ಬೆಳಿಗ್ಗೆ ತಾಯಂದಿರೆಲ್ಲ ಹಳೆಯ ಒಲೆಗೆ ಅಡ್ಡ ಕುಳಿತಿದ್ದರು. ಅಕ್ಕಿ ತೊಳೆದಿಲ್ಲ, ಬೇಳೆ ಇಟ್ಟಿಲ್ಲ. ಹೊರಗೆ, ದೂರದಿಂದ ನಡೆದು ಬಂದ ಭಕ್ತರು ಅಂಗಳ ತುಂಬುತ್ತಿದ್ದರು. ವಿರೂಪಯ್ಯ ಅಂಗಳದ ಕಡೆ ನೋಡಿದ. ಗುರುವೇ, ಇವರೆಲ್ಲ ಹಸಿದು ಹಿಂದಿರುಗಿದರೆ?

"ನಿಂಬೆವ್ವಾ, ನಿನ್ನ ಕಣ್ಣಿಗಂತನ ಕಟ್ಟಿಸೀನಿ!"

"ನನ್ನ ಕಣ್ಣಿಗೆ ಅಂತೀರಿ ಅಯ್ಯಾರ, ನನ್ನ ಒಂದು ಮಾತು ಕೇಳಿದ್ರ್ಯಾ? ಈ ಬೆಂಕಿ ನನ್ನ ಕೈಯಾಗ ಆರಿದ್ರ ಗುರುವಿಗೆ ಏನಂತ ಹೇಳ್ಲಿ?"

ವಿರೂಪಯ್ಯ ಅಲ್ಲೇ ನೆಲಕ್ಕೆ ಕುಳಿತ. ಒಲೆಯ ಅಳತೆಯನ್ನೆಲ್ಲ ಯೋಚಿಸಿದ್ದ. ಅವಳ ಭಯವನ್ನು ಯೋಚಿಸಿರಲಿಲ್ಲ. ಕಣ್ಣುಮುಚ್ಚಿ ಗುರುವನ್ನು ನೆನೆದ.

"ಅವ್ವಾ, ಆರಿಸೋದು ಬ್ಯಾಡ. ಈ ಕೆಂಡಾನ ನೀನೇ ಒಯ್ದು ಅಲ್ಲಿ ಹಾಕು. ಇವತ್ತು ಸಾರಷ್ಟ ಅಲ್ಲಿ ಮಾಡೂಣು. ನಿಮಗೆಲ್ಲ ಒಪ್ಪಿಗಿ ಆಗೂತನಕ ಹಳೇ ಒಲಿ ಇರ್ಲಿ."

ನಿಂಬೆವ್ವ ಮಡಕೆಯ ಚೂರಿನಲ್ಲಿ ಕೆಂಡ ಹೊತ್ತು ನಡೆದಳು. ಹೊಸ ಒಲೆಗೆ ಹಾಕಿದಳು. ಆದರೆ ಹೊಗೆ ಗಪ್ಪನೆ ಒಳಗೇ ನುಗ್ಗಿತು!

"ನೋಡ್ರಿ, ಗುರುವಿಗೆ ಮನಸ್ಸಿಲ್ಲ" ಎಂದಳು ಯಾರೋ ಒಬ್ಬಳು.

ನಿಂಬೆವ್ವ ಬಗ್ಗಿ ಮುಟ್ಟಿ ನೋಡಿದಳು. "ಗುರುವಿಗೆ ಮನಸ್ಸೈತಿ. ಅಯ್ಯಾರ ಕಟ್ಟಿಗಿ ಹಸೀ ಐತಿ!"

ತಾಯಂದಿರು ನಕ್ಕುಬಿಟ್ಟರು. ಒಣ ಕಟ್ಟಿಗೆ ಬಂತು. ಹೊಗೆ ಮೆಲ್ಲಗೆ ಕೊಳವೆಯ ಕಡೆ ತಿರುಗಿತು. "ಒಲಿ ಎತ್ತರ ಆತು, ನಿಂತು ತಿರುವಾಕ ಒಂದು ಕಲ್ಲು ಹಾಕಸ್ರಿ" ಎಂದಳು ನಿಂಬೆವ್ವ. ವಿರೂಪಯ್ಯ ತಾನೇ ಕಲ್ಲು ಹೊತ್ತು ತಂದ.

ಅಂದು ಯಾರೂ ಹಸಿದು ಹೋಗಲಿಲ್ಲ. ಸಾರು ಇಳಿಸಿ, ನಿಂಬೆವ್ವ ಎಂದಿನ ರೂಢಿಯಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೆರಗು ಒಣಗಿಯೇ ಇತ್ತು. ಅದನ್ನೇ ನೋಡುತ್ತ ನಿಂತಳು.

"ಅಯ್ಯಾರ, ನಾಳೆ ಬ್ಯಾಳಿನೂ ಇಲ್ಲೇ ಇಡೂಣು."

ನೀತಿ: ಹೊಸ ಯೋಚನೆ ಹೊಳೆಯುವುದು ದೇವರ ಕೃಪೆ. ಅದು ನೆಲೆ ನಿಲ್ಲಬೇಕಾದರೆ, ಅದರೊಂದಿಗೆ ದಿನವೂ ದುಡಿಯುವವರ ಭಯವನ್ನು ಮೊದಲು ಕೇಳಬೇಕು. ಸ್ವಲ್ಪದರಿಂದ ಆರಂಭಿಸಿ, ಹಳೆಯದರ ಬೆಳಕನ್ನು ಅವರ ಕೈಯಿಂದಲೇ ಹೊಸದಕ್ಕೆ ದಾಟಿಸಬೇಕು.