ಜಾಲಿಮುಳ್ಳು ಆರಿಸಿದ ರಾಣಿ

ಹೊನ್ನೆಮರಡಿಯ ಬೀದಿಬೀದಿಯಲ್ಲಿ ಅರಸನ ಡಂಗುರ ಬಿತ್ತು. ಅರಮನೆ ತೋಟದಲ್ಲಿ ಜೇನುಹುಳು ಸಾಕಿದ ಗಡಿಗೆಗಳು ರೋಗ ಬಂದು ಕೊಳೆತು ನಾರುತ್ತಿವೆ. ರಾಜಕುಮಾರಿ ರತುನಾಜಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಜೇನುತೋಟದ ಯಜಮಾನಿಕೆ. ತಪ್ಪಿದವನಿಗೆ ತಲೆದಂಡ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ, ರೋಗ ಹರಡದಂತೆ ರಾಜ್ಯದ ಗಡಿಗೆಗಳನ್ನೆಲ್ಲ ಸುಡುವುದು.

ಡಂಗುರ ಕೇಳಿ ಊರ ಬಡಹುಡುಗ ತಿಪ್ಪ ಅರಮನೆಗೆ ಹೊರಟು ನಿಂತ. ತಾಯಿ ಮಗನ ಹೊಟ್ಟೆ ಹೊರೆಯುತ್ತಿದ್ದದ್ದೇ ಹಿತ್ತಲ ಜೇನುಗಡಿಗೆಗಳು. ಹೋಗಬೇಡ ಮಗನೇ ಅಂತ ಅವ್ವ ಅಂಗಲಾಚಿದಳು. ಗಡಿಗೆ ಸುಟ್ಟ ಮೇಲೆ ಏನು ತಿಂದು ಬದುಕೋಣ ಅಂತ ಅವನು ಹೊರಟೇ ಬಿಟ್ಟ.

ಅವನು ಅರಮನೆ ತೋಟದ ಬಾಗಿಲಿಗೆ ಬಂದ. ಥೂ, ಅದೆಂಥ ನಾತ! ಎರಿಯ ಕಣ್ಣುಗಳಲ್ಲಿ, ಆ ಮೇಣದ ಪುಟ್ಟ ಗೂಡುಗಳಲ್ಲಿ, ಮರಿಹುಳುಗಳು ಕೊಳೆತು, ಕಂದು ಲೋಳೆಯಾಗಿ ಎಳೆಎಳೆಯಾಗಿ ಜೋಲುತ್ತಿದ್ದವು. ಒಗಟು ಬಿಡಿಸಲು ಬಂದ ಪಾಳೇಗಾರನ ಮಗನೂ ದಳವಾಯಿಯ ಮಗನೂ ಮಲ್ಲಿಗೆ ದಂಡೆಯನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು. "ಹೆಸರಿಗೆ ತಕ್ಕ ಜಾಗಕ್ಕೇ ಬಂದೆಯಲ್ಲೋ ತಿಪ್ಪಾ" ಅಂತ ನಕ್ಕರು.

ರತುನಾಜಿ ಕೇಳಿದಳು: "ಅವನಿಗೆ ಅಪ್ಪನಿಲ್ಲ, ಅಜ್ಜನಿದ್ದಾನೆ. ಯಾರವನು?"

ಅಪ್ಪ ಸತ್ತ ಮೇಲೆ ಹುಟ್ಟಿದ ಕೂಸು ಅಂದ ಪಾಳೇಗಾರನ ಮಗ. ಸತ್ತರೂ ಅಪ್ಪ ಅಪ್ಪನೇ ಅಂದಳು ಅವಳು. ಭಟರು ಅವನನ್ನು ಸೆರೆಗೆ ಎಳೆದರು.

"ಜೇನಿನ ಗಂಡುಹುಳ, ಅಮ್ಮಣ್ಣಿ" ಅಂದ ತಿಪ್ಪ. "ನಮ್ಮ ಗಡಿಗೆಯಲ್ಲಿ ರೆಕ್ಕೆ ಮುರಿದ ರಾಣಿಯೊಬ್ಬಳಿದ್ದಳು. ಹಾರಲಿಲ್ಲ, ಗಂಡಿನ ಮುಖ ನೋಡಲಿಲ್ಲ. ಆದರೂ ಮೊಟ್ಟೆ ಇಟ್ಟಳು, ಹುಟ್ಟಿದ್ದೆಲ್ಲ ಗಂಡೇ. ಅವಳಿಗೆ ಅಪ್ಪನಿದ್ದನಲ್ಲ, ಅವನೇ ಅಜ್ಜ."

ಸರಿ ಅಂದು ರತುನಾಜಿ ಎರಡನೆಯದನ್ನು ಕೇಳಿದಳು: "ತೊಟ್ಟಿಲ ಕೂಸನ್ನು ಬೀದಿಗೆಸೆದ ಮನೆ ಉಳಿಯಿತು, ಜೋಪಾನವಾಗಿ ಮುಚ್ಚಿಟ್ಟ ಮನೆ ಅಳಿಯಿತು. ಏಕೆ?"

ಎಸೆದವರು ರಕ್ಕಸರು, ಅವರಿಗೆ ಸಾವಿಲ್ಲ ಅಂದ ದಳವಾಯಿಯ ಮಗ. ಅವನನ್ನೂ ಎಳೆದರು. ಆ ಕೂಸು ಜೇನಿನ ಮರಿ, ರೋಗದಿಂದ ಸತ್ತಿತ್ತು, ಸತ್ತದ್ದನ್ನು ಒಳಗಿಟ್ಟುಕೊಂಡ ಜೇನಿನ ಮನೆಯೆಲ್ಲ ಕೊಳೆಯುತ್ತದೆ ಅಂದ ತಿಪ್ಪ.

ಮೂರನೆಯದಕ್ಕೆ ರತುನಾಜಿಯ ದನಿ ಇಳಿಯಿತು. "ಇಷ್ಟು ಗಡಿಗೆಗಳಲ್ಲಿ ಯಾವ ಮನೆಯ ಮಗಳನ್ನು ಹೊಸ ರಾಣಿಹುಳ ಮಾಡಲಿ? ಇದರ ಉತ್ತರ ನನಗೂ ಗೊತ್ತಿಲ್ಲ."

ಅಲ್ಲೇ ಕೂತಿದ್ದ ಅರಸನಿಗೆ ತಡೆಯಲಾಗಲಿಲ್ಲ. ಎಲ್ಲಕ್ಕಿಂತ ಭಾರದ ಗಡಿಗೆಯದೇ ಮಗಳು, ಮುತ್ತಾತನ ಕಾಲದಿಂದ ಹಾಗೇ ನಡೆದಿದೆ ಅನ್ನುತ್ತ ಆ ಗಡಿಗೆಯ ಜೇನಲ್ಲಿ ಬೆರಳದ್ದಿ ಚೀಪಿದ.

ತಿಪ್ಪ ನಾಳೆಯವರೆಗೆ ಗಡುವು ಕೇಳಿದ. ಜಾಲಿಮುಳ್ಳು ತಂದು ಪ್ರತಿ ಗಡಿಗೆಯಲ್ಲೂ ಮುಚ್ಚಿದ ಕೆಲವು ಕಣ್ಣುಗಳ ಮರಿಗಳನ್ನು ಚುಚ್ಚಿ ಕೊಂದ. ಮಾರನೆಯ ದಿನ ನೋಡಿದರೆ ಭಾರದ ಗಡಿಗೆಯಲ್ಲಿ ಹೆಣಗಳು ಹಾಗೇ ಕಪ್ಪಾಗುತ್ತಿದ್ದವು. ಮೂಲೆಯ ಬಡಕಲು ಗಡಿಗೆಯೊಂದರಲ್ಲಿ ಮಾತ್ರ ಚುಚ್ಚಿದ ಕಣ್ಣೆಲ್ಲ ಖಾಲಿ, ಚೊಕ್ಕಟ. ಜೇನುನೊಣಗಳು ಕೊನೆಯ ಹೆಣವನ್ನು ಗಡಿಗೆಯ ಕಂಠದಿಂದಾಚೆ ನೂಕುತ್ತಿದ್ದವು.

"ಸತ್ತದ್ದನ್ನು ಹೊರಗೆಸೆಯುವ ಈ ಮನೆಯ ಮಗಳನ್ನೇ ರಾಣಿ ಮಾಡಿ, ಅಮ್ಮಣ್ಣಿ. ಕೂಡುವ ಗಂಡುಹುಳವೂ ಇಂಥ ಮನೆಯದೇ ಆಗಲಿ. ಹಾಗೇ ಆರಿಸುತ್ತ ಹೋದರೆ ತೋಟವೆಲ್ಲ ಇವಳ ಗುಣವೇ ಆಗುತ್ತದೆ."

ಹಾಗಾದರೆ ನಾನು ಹೇಳಿದ ಗಡಿಗೆಗೆ ಅಷ್ಟು ಭಾರ ಎಲ್ಲಿಂದ ಬಂತು ಅಂದ ಅರಸ.

"ಸಾಯುತ್ತಿದ್ದ ನೆರೆಮನೆಗಳನ್ನು ದೋಚಿ ತುಂಬಿಕೊಂಡದ್ದು, ಒಡೆಯಾ. ನೀವು ಚೀಪಿದ್ದು ಆ ಕೊಳೆತ ಮನೆಗಳ ಜೇನು."

ಅರಸ ಅಲ್ಲೇ, ತನ್ನ ಪಟ್ಟೆಪೀತಾಂಬರದ ಮೇಲೇ ಕಾರಿಕೊಂಡ.

ಕೊಳೆತ ಗಡಿಗೆಗಳನ್ನಷ್ಟೇ ಸುಟ್ಟರು. ಊರವರ ಗಡಿಗೆ ಉಳಿದವು. ತಿಪ್ಪ ಬೇಡಿಕೊಂಡದ್ದಕ್ಕೆ ಇಬ್ಬರು ಕುವರರ ತಲೆಯೂ ಉಳಿಯಿತು; ಆ ಲೋಳೆ ಬಳಿದು ಗುಂಡಿಗೆ ಹಾಕಿ ಮುಚ್ಚುವ ಕೆಲಸ ಅವರದಾಯಿತು. ನಾತ ಹೋಗುವ ತನಕ ಮದುವೆ ಬೇಡ ಅಂದಳು ರತುನಾಜಿ. ಹೊಂಗೆ ಹೂ ಬಿಡುವ ಹೊತ್ತಿಗೆ ತೋಟದಲ್ಲಿ ಹೂವಿನ ಘಮವೇ ಇತ್ತು, ಓಲಗ ಊದಿತು.

ಮದುವೆಯೂಟಕ್ಕೆ ತಿಪ್ಪನ ಅವ್ವ ಹೊಸ ರಾಣಿಯ ಗಡಿಗೆಯ ಜೇನು ತಂದಳು. ಅರಸ ಮುಖ ಹಿಂಡಿ ಬಾಯಿಗೆ ಕೈ ಅಡ್ಡ ಹಿಡಿದ. ರತುನಾಜಿ ತಾನು ಮೊದಲು ನೆಕ್ಕಿ, ಬಟ್ಟಲನ್ನು ಅಪ್ಪನ ಮುಂದೆ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡು ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡ. ಉಗುಳಲಿಲ್ಲ.